ಮೇವು ತಿನ್ನದ ಪದವಿ

ನಮ್ಮೂರಲ್ಲಿ ಓದು ಮುಗಿಸಿದವರು ಕಾಗದ ಹಿಡಿದುಕೊಂಡು ಬರೋದಿಲ್ಲ, ಹಗ್ಗ ಹಿಡಿದುಕೊಂಡು ಬರ್ತಾರೆ. ಹಗ್ಗದ ಆ ತುದಿಯಲ್ಲಿ ಪದವಿ ಇರುತ್ತೆ. ಡಾಕ್ಟರಿಕೆ ಓದಿದವರದ್ದು ಎಮ್ಮೆ, ಎರಡು ಹೊತ್ತೂ ಬಕೆಟ್ ತುಂಬ ಹಾಲು. ಇಂಜಿನಿಯರುಗಳದ್ದು ಎತ್ತು. ಲೆಕ್ಕಪತ್ರ ಓದಿದವರಿಗೆ ಕೋಳಿ, ತಪ್ಪದೆ ಮೊಟ್ಟೆ ಇಡುತ್ತೆ. ವಕೀಲರಿಗೆ ಹೋತ ಕೊಡ್ತಾರೆ. ಅದು ಕಂಡಕಂಡವರನ್ನೆಲ್ಲ ಗುದ್ದೋಕೆ ಬಂದರೂ ಅದಕ್ಕೊಂದು ಬೆಲೆ ಇದೆ. ಮೂಲೆಮನೆಯವರ ಡಾಕ್ಟರ ಎಮ್ಮೆ ಕರು ಹಾಕಿದಾಗ ಇಡೀ ಬೀದಿಗೆ ಗಿಣ್ಣು ಹಂಚಿದರು. ನನಗೆ ಸಿಕ್ಕಿದ್ದು ಅರ್ಧ ಲೋಟ, ಅದನ್ನು ನಾನು ಮರೆತಿಲ್ಲ.

ನಾನು ಪುಟ್ಟತಾಯಮ್ಮ. ಬೀದಿಯ ನಡುಮಧ್ಯೆ ಹೊಂಗೆಮರದ ಕೆಳಗೆ ಇಸ್ತ್ರಿ ಪೆಟ್ಟಿಗೆ ತಿಕ್ಕೋಳು. ಬೆಳಗಿಂದ ಸಂಜೆವರೆಗೆ ನಿಂತೇ ಇರೋದರಿಂದ ಯಾರ ಮನೆಗೆ ಯಾವ ಪದವಿ ಬಂತು, ಯಾರ ಮನೆಯಿಂದ ಸಾಲದ ಸಂಘದವರು ಏನು ಹೊತ್ತುಕೊಂಡು ಹೋದರು, ಎಲ್ಲ ನನ್ನ ಕಣ್ಣ ಮುಂದೇನೇ ನಡೆಯುತ್ತೆ. ಎದುರುಗಡೆ ಗಂಗಮ್ಮನ ಹಿಟ್ಟಿನ ಗಿರಣಿ. ಗಂಡ ಹೋದ ಮೇಲೆ ಗಂಗಮ್ಮ ಒಬ್ಬಳೇ ಅದನ್ನು ನಡೆಸಿಕೊಂಡು ಬಂದವಳು. ಗಂಡನ ತಂಗಿಯ ಮಗಳು ಮಂದಾಕಿನಿ, ತಾಯಿ ಸತ್ತು ಸಣ್ಣವಳಿದ್ದಾಗಲೇ ಈ ಮನೆಗೆ ಬಂದವಳು, ಅವಳ ಕೈಲೇ ಬೆಳೆದಳು. ಮಂದಾಗೆ ಅತ್ತೆ ಅಂದರೆ ಅಮ್ಮನೂ ಅವಳೇ, ಅಪ್ಪನೂ ಅವಳೇ.

ಈ ಮಂದಾ ಓದೋಕೆ ಹೊರಟಾಗ ಸಂಘದಲ್ಲಿ ಸಾಲ ತೆಗೆದರು. ನಮ್ಮೂರ ಸಾಲದ ಸಂಗತಿ ಹೀಗೆ: ನೀವು ಎಷ್ಟು ತೆಗೆದಿರೋ ಅಷ್ಟು ಕಲ್ಲು ಸಂಘದ ಅಂಗಳದಲ್ಲಿ ನಿಮ್ಮ ಹೆಸರಿಗೆ ಪೇರಿಸಿಡ್ತಾರೆ. ತಿಂಗಳು ತಿಂಗಳಿಗೆ ಬಡ್ಡಿ ಅಂತ ಒಂದು ಗುಂಡುಕಲ್ಲು ಮೇಲೆ ಬೀಳುತ್ತೆ. ಓದು ಮುಗಿದ ಮೇಲೆ ತೂಕದ ದಿನ ಬರುತ್ತೆ. ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಕಲ್ಲು, ಇನ್ನೊಂದು ತಟ್ಟೆಗೆ ಪದವಿ. ಪದವಿ ಇಳಿದು ಕಲ್ಲು ಮೇಲೆದ್ದರೆ ಸಾಲ ತೀರಿತು, ಮನೆಗೆ ಹೋಗಿ ಪಾಯಸ ಮಾಡಿ. ಕಲ್ಲೇ ಇಳಿದರೆ ಅಡ ಇಟ್ಟದ್ದು ಸಂಘದ ಪಾಲು. ಗಂಗಮ್ಮ ಅಡ ಇಟ್ಟದ್ದು ಗಿರಣಿ. ಅದು ಬಿಟ್ಟರೆ ಆ ಮನೆಯಲ್ಲಿ ಇದ್ದದ್ದು ಎರಡು ಟ್ರಂಕು, ಒಂದು ಮಂಚ.

ಮಂದಾ ಏನು ಓದಿದಳು ಅಂತ ಕೇಳಿ. ಭಾಷಾವಿಜ್ಞಾನ. ಹಂಗಂದರೇನು ಅಂತ ನಾನು ಕೇಳಿದ್ದಕ್ಕೆ, ಜನ ಹೇಗೆ ಮಾತಾಡ್ತಾರೆ ಅಂತ ತಿಳಿಯೋದು ಅಂದಳು. ಅದನ್ನು ತಿಳಿಯೋಕೆ ಅಷ್ಟು ದೂರ ಹೋಗಬೇಕಾ, ನನ್ನ ಇಸ್ತ್ರಿ ಮೇಜಿನ ಹತ್ತಿರ ಒಂದು ವಾರ ನಿಂತುಕೋ ಅಂದೆ. ನಕ್ಕಳು. ನಗೋದರಲ್ಲಿ ಆ ಹುಡುಗಿ ಯಾವತ್ತೂ ಜಿಪುಣತನ ಮಾಡಿದವಳಲ್ಲ.

ಓದು ಮುಗಿಸಿ ಬಸ್ಸಿಳಿದ ದಿನ ಬೀದಿಯೆಲ್ಲ ಬಾಗಿಲಿಗೆ ಬಂತು. ಹಗ್ಗದ ತುದಿಯಲ್ಲಿ ಒಂದು ಬೂದು ಬಣ್ಣದ ಪ್ರಾಣಿ. ಆಡಿಗಿಂತ ದೊಡ್ಡದು, ಕತ್ತೆಗಿಂತ ಚಿಕ್ಕದು. ಕೆಚ್ಚಲಿಲ್ಲ, ಕೊಂಬಿಲ್ಲ, ಉಣ್ಣೆ ಇಲ್ಲ. ಕಿವಿ ಮಾತ್ರ ಒಂದೊಂದೂ ಮೊರದಗಲ. ಯಾರು ಮಾತಾಡಿದರೂ ಆ ಕಡೆ ಕಿವಿ ತಿರುಗಿಸಿ ಸುಮ್ಮನೆ ನಿಂತಿತ್ತು. ಇದು ಏನು ಕೊಡುತ್ತೆ ಅಂತ ನನ್ನ ಗಂಡ ಜವರಯ್ಯ ಕೇಳಿದ. ಕೇಳಿಸಿಕೊಳ್ಳುತ್ತೆ ಮಾವ, ಅಂದಳು ಮಂದಾ. ಅದು ಸರಿ, ಕೊಡೋದೇನು ಅಂತ ಮತ್ತೆ ಕೇಳಿದ. ಅವಳು ಪ್ರಾಣಿಯನ್ನು ಗಿರಣಿಯ ಕಂಬಕ್ಕೆ ಕಟ್ಟೋಕೆ ಹೋದಳು. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು.

ಆಮೇಲೆ ಶುರುವಾಯ್ತು ನೋಡಿ ಕಷ್ಟ. ಪ್ರಾಣಿ ಮೇವು ಮುಟ್ಟಲಿಲ್ಲ. ಗಂಗಮ್ಮ ಹಸಿ ಹುಲ್ಲು ತಂದಳು, ಹುರುಳಿ ನೆನೆಸಿಟ್ಟಳು, ಗಿರಣಿಯ ಬೂಸಾ ಬೆಲ್ಲದ ನೀರಲ್ಲಿ ಕಲೆಸಿ ಕೊಟ್ಟಳು. ಮೂಸಿ ನೋಡಿ ತಲೆ ತಿರುಗಿಸಿತು. ದಿನದಿನಕ್ಕೆ ಸೊರಗುತ್ತಾ ಬಂತು. ಅತ್ತ ಸಂಘದ ಅಂಗಳದಲ್ಲಿ ಕಲ್ಲಿನ ಮೇಲೆ ಕಲ್ಲು ಬೀಳ್ತಾ ಇತ್ತು. ಮಂದಾ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳಿ, ಬಂದ ದುಡ್ಡಲ್ಲಿ ಒಂದೆರಡು ಗುಂಡುಕಲ್ಲು ಇಳಿಸಿದಳು. ಆದರೆ ಮನೆಪಾಠದ ದುಡ್ಡಿಗೆ ಕಲ್ಲು ಕರಗುತ್ತಾ? ಬೀದಿಯಲ್ಲಿ ಎಲ್ಲರೂ ಅವಳ ಓದಿನ ಲೆಕ್ಕ ಹಾಕೋರೇ ಆದರು. ಅದೇ ಸಾಲಕ್ಕೆ ಕೋಳಿ ಬಂದಿದ್ದರೆ ಇಷ್ಟು ಹೊತ್ತಿಗೆ ಇಷ್ಟು ಮೊಟ್ಟೆ, ಎತ್ತು ಬಂದಿದ್ದರೆ ಇಷ್ಟು ಬಾಡಿಗೆ. ಲೆಕ್ಕ ಹಾಕೋಕೆ ಇವರ ಗಂಟೇನು ಹೋಗುತ್ತೆ? ನಾನೂ ಹಾಕಿದೆ ಅನ್ನಿ, ಮನಸ್ಸಿನಲ್ಲಿ.

ಹೀಗಿರುವಾಗ ಒಂದು ದಿನ ಪಾತ್ರೆಗೆ ಕಲಾಯಿ ಹಾಕೋನು ಬಂದು ನನ್ನ ಮರದ ಕೆಳಗೇ ಒಲೆ ಹೂಡಿದ. ದೂರದ ಮನುಷ್ಯ, ವರ್ಷಕ್ಕೊಂದು ಸಲ ಬರೋನು. ತಿದಿ ಒತ್ತೋ ಮಗನಿಗೆ ಅದು ತಗೊ ಇದು ಹಾಕು ಅಂತ ಅವರ ಕಸುಬಿನ ಮಾತಿನಲ್ಲಿ ಏನೇನೋ ಹೇಳ್ತಾ ಇದ್ದ, ನಮಗೆ ಒಂದೂ ತಿಳಿಯೋದಿಲ್ಲ. ಗಿರಣಿಯ ಕಂಬಕ್ಕೆ ಕಟ್ಟಿದ್ದ ಪ್ರಾಣಿ ಎದ್ದು ನಿಂತಿತು. ಎರಡೂ ಕಿವಿ ಅವನ ಕಡೆಗೆ. ಬಾಯಾಡಿಸೋಕೆ ಶುರು ಮಾಡಿತು. ಎದುರಿಗೆ ಹುಲ್ಲಿನ ಕಡ್ಡಿಯೂ ಇಲ್ಲ, ಇದು ಮಾತ್ರ ಮೆಲುಕು ಹಾಕ್ತಾ ಇದೆ. ಕಲಾಯಿಯವನು ಗಂಟು ಕಟ್ಟೋ ಹೊತ್ತಿಗೆ ಪಕ್ಕೆಲುಬಿನ ಗುಂಡಿಗಳು ತುಂಬಿದ್ದವು.

ಮಂದಾಗೆ ಆಗ ಹೊಳೆಯಿತು. ಹಾಸ್ಟೆಲಿನಲ್ಲಿ ಇದು ದುಂಡುದುಂಡಗೆ ಇತ್ತಂತೆ. ಅಲ್ಲಿ ನೂರೆಂಟು ಕಡೆಯ ಹುಡುಗಿಯರು, ನೂರೆಂಟು ಮಾತು. ಇಲ್ಲಿ ನಾವೋ, ಬೆಳಗಾದರೆ ಅದೇ ನೀರು ಬಂತಾ, ಸಂಜೆಯಾದರೆ ಅದೇ ಸಾರು ಏನು. ಒಂದು ಸಲ ಕೇಳಿದ ಮಾತು ಅದರ ಹೊಟ್ಟೆಗೆ ಮತ್ತೆ ಆಗೋದಿಲ್ಲ, ಅಷ್ಟೇ ಸಂಗತಿ.

ಮರುದಿನದಿಂದ ಹುಡುಗಿ ಹಗ್ಗ ಹಿಡಿದು ಹೊರಟಳು. ಮೀನಿನ ಪೇಟೆಗೆ ಹೋಗಿ ಒಂದೊಂದು ಮೀನಿಗೂ ಅದರ ಮರಿಗೂ ಹೆಸರು ಕೇಳಿದಳು. ಇಟ್ಟಿಗೆ ಗೂಡಿನವರು, ಬುಟ್ಟಿ ಹೆಣೆಯೋರು, ಬಾವಿ ತೋಡೋರು, ಒಬ್ಬರನ್ನೂ ಬಿಡಲಿಲ್ಲ. ಬೆರಳು ತೋರಿಸಿ, ಇದಕ್ಕೇನಂತೀರಿ ಅಂತ ಕೇಳೋದು, ಅವರು ಹೇಳೋದು, ಪಕ್ಕದಲ್ಲಿ ಪ್ರಾಣಿ ಮೆಲ್ಲೋದು. ನಮ್ಮ ಬೀದಿಯವರೂ ತಮ್ಮ ತಮ್ಮ ಅಜ್ಜಿಯರನ್ನು ಕರೆತಂದು ಕೂರಿಸಿದರು. ಅಜ್ಜಿಯರಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಒಬ್ಬ ಅಜ್ಜಿ ತನ್ನ ಕಾಲದ ಬೈಗುಳಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ಮಕ್ಕಳ ಕಿವಿ ಮುಚ್ಚೋದೇ ನಮಗೊಂದು ಕೆಲಸವಾಯ್ತು. ಪ್ರಾಣಿಗೆ ಅದು ಹಬ್ಬದೂಟ. ಮೈ ತುಂಬುತ್ತಾ ಬಂತು, ಆದರೆ ಕಲ್ಲಿಗೆ ಸಮ ಆಗೋದಕ್ಕೆ ಇನ್ನೂ ಬೇಕಿತ್ತು. ತೂಕದ ದಿನ ಹತ್ತಿರ ಬಂದಿತ್ತು. ಊರಲ್ಲಿ ಹೊಸ ಮಾತು ಮುಗಿದಿತ್ತು.

ಅವತ್ತು ನಾನು ರಾಗಿ ಹಾಕಿಸೋಕೆ ಗಿರಣಿಗೆ ಹೋಗಿದ್ದೆ. ಮಂದಾ ಇರಲಿಲ್ಲ. ಗಂಗಮ್ಮ ನಮ್ಮೂರವಳಲ್ಲ ಅನ್ನೋದು ನನಗೆ ಗೊತ್ತಿತ್ತು. ಗುಡ್ಡದಾಚೆ ಎಲ್ಲೋ ನಾಲ್ಕು ಮನೆಯ ಊರು, ಅವರ ಮಾತೇ ಬೇರೆ. ಗಂಗಮ್ಮ ಅನ್ನೋ ಹೆಸರು ಕೂಡ ಮದುವೆಯಲ್ಲಿ ಇಟ್ಟದ್ದು. ಅಕ್ಕಿ ಸೇರು ಒದ್ದು ಒಳಗೆ ಬಂದ ದಿನವೇ ಗಂಡನ ತಾಯಿ, ಈ ಮನೇಲಿ ನಮ್ಮ ಮಾತೇ ಆಡಬೇಕು ಅಂದಿದ್ದಳಂತೆ. ಗಂಡ ಬೇಡ ಅನ್ನಲಿಲ್ಲ ಪಾಪ, ಇವಳು ಬಾಯಿ ತೆರೆದರೆ ಬಿದ್ದು ಬಿದ್ದು ನಗ್ತಾ ಇದ್ದ. ಅಲ್ಲಿಗೆ ಆ ಮಾತು ನಿಂತಿತು. ಮಂದಾ ಬರೋ ಹೊತ್ತಿಗೆ ಗಂಗಮ್ಮ ನಮ್ಮ ಹಾಗೇ ಮಾತಾಡ್ತಾ ಇದ್ದಳು. ಅದೂ ಗಿರಣಿಯ ಸದ್ದಿನಲ್ಲಿ ನಾಲ್ಕು ಮಾತು ಹೆಚ್ಚೆಂದರೆ.

"ಗಂಗಕ್ಕ, ನಿನ್ನ ತವರಿನ ಮಾತು ಒಂದಿಷ್ಟು ಅದರ ಕಿವಿಗೆ ಹಾಕಬಾರದಾ?" ಅಂದೆ.

ಅವಳು ಜಾಲರಿ ಕೊಡವುತ್ತಾ ಇದ್ದವಳು ನಿಲ್ಲಿಸಿದಳು. "ಬೇಡ ಕಣೇ ಪುಟ್ತಾಯಿ. ಯಾರೂ ತಿರುಗಿ ಮಾತಾಡದ ಮಾತು ಆಡಿದರೆ ಎದೆ ಉರಿಯುತ್ತೆ. ಮೊದಮೊದಲು ಆಡಿ ನೋಡಿದೀನಿ, ಹಿಟ್ಟಿನ ಡಬ್ಬದ ಜೊತೆ. ಮಂದಾಗೆ ಹೇಳಬೇಡ, ಅವಳು ಒಂದು ಕೇಳಿದರೆ ಅಷ್ಟಕ್ಕೇ ಬಿಡೋಳಲ್ಲ."

ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳೋದು ನನಗೆ ಎಷ್ಟು ಕಷ್ಟ ಅಂತ ನನ್ನ ಬಲ್ಲವರಿಗೆ ಗೊತ್ತು. ಆದರೂ ಇಟ್ಟುಕೊಂಡೆ.

ಇಟ್ಟುಕೊಳ್ಳದೇ ಇದ್ದದ್ದು ನನ್ನ ಗಂಡ, ತನ್ನ ಬುದ್ಧಿವಂತಿಕೆಯನ್ನ. ತೂಕಕ್ಕೆ ಮುಂಚಿನ ದಿನಗಳಲ್ಲಿ ಪ್ರಾಣಿ ಇದ್ದಕ್ಕಿದ್ದ ಹಾಗೆ ದಪ್ಪ ಆಗೋಕೆ ಶುರುವಾಯ್ತು. ಹೊಟ್ಟೆ ಡೋಲಿನ ಹಾಗೆ. ಹೇಗೆ ಅಂತ ಯಾರಿಗೂ ತಿಳಿಯಲಿಲ್ಲ, ಯಾರೂ ಕೇಳಲೂ ಇಲ್ಲ, ಖುಷಿಯಲ್ಲಿ ಇದ್ದೆವು. ಮಂದಾ ಮಾತ್ರ ಅದರ ಹೊಟ್ಟೆ ತಟ್ಟಿ ನೋಡಿ, ಯಾಕೋ ಬರೀ ಗಾಳಿ ಇದ್ದ ಹಾಗಿದೆ ಅತ್ತೆ, ಅಂತ ಹುಬ್ಬು ಗಂಟಿಕ್ಕಿದಳು. ದಪ್ಪ ಆದರೂ ಕಷ್ಟ, ಸಣ್ಣ ಆದರೂ ಕಷ್ಟ, ಓದಿದವರ ಸಹವಾಸವೇ ಇಷ್ಟು ಅಂತ ಜವರಯ್ಯ ಮೀಸೆ ತಿರುವಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ತೂಕದ ದಿನ ಸಂಘದ ಅಂಗಳ ತುಂಬಿಹೋಗಿತ್ತು. ಕಾರ್ಯದರ್ಶಿ ಫಾಲಾಕ್ಷಪ್ಪ ಗಿರಣಿಗೆ ಹಾಕೋಕೆ ದಪ್ಪದೊಂದು ಬೀಗ ತಂದು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದ. ಕೆಟ್ಟ ಮನುಷ್ಯ ಅಂತಲ್ಲ, ಬೀಗ ಹಾಕಿ ಹಾಕಿ ಅವನಿಗೆ ಅದೇ ಅಭ್ಯಾಸ. ಗಂಗಮ್ಮನ ಕಲ್ಲುಗಳನ್ನೆಲ್ಲ ಒಂದು ತಟ್ಟೆಗೆ ಪೇರಿಸಿದರು. ಇನ್ನೊಂದಕ್ಕೆ ಪ್ರಾಣಿಯನ್ನು ಹತ್ತಿಸಿದರು. ತಕ್ಕಡಿ ಆ ಕಡೆ ಈ ಕಡೆ ತೂಗಿ ಸಮಕ್ಕೆ ಬಂತು. ಆಮೇಲೆ ನಿಧಾನಕ್ಕೆ ಪ್ರಾಣಿಯ ತಟ್ಟೆ ಇಳಿಯೋಕೆ ಶುರುವಾಯ್ತು. ಬೀದಿಯವರೆಲ್ಲ ಚಪ್ಪಾಳೆ ಹೊಡೆದೆವು. ಮಂದಾ ಅತ್ತೆಯ ಕೈ ಹಿಡಿದುಕೊಂಡಳು.

ಆಗ ಪ್ರಾಣಿ ತೇಗಿತು. ಅಂಥ ತೇಗು ನಾನು ಮದುವೆ ಊಟದ ಪಂಕ್ತಿಯಲ್ಲೂ ಕೇಳಿಲ್ಲ. ಒಂದಾದ ಮೇಲೊಂದು ತೇಗ್ತಾನೇ ಇತ್ತು, ಹೊಟ್ಟೆ ಇಳೀತಾನೇ ಇತ್ತು, ತಟ್ಟೆ ಏರ್ತಾನೇ ಇತ್ತು. ಕಲ್ಲಿನ ತಟ್ಟೆ ನೆಲಕ್ಕೆ ದೊಪ್ಪಂತ ಕೂತಿತು. ನಾನು ತಿರುಗಿ ನೋಡಿದರೆ ಜವರಯ್ಯ ಜನರ ಹಿಂದೆ ಮರೆಯಾಗ್ತಾ ಇದ್ದಾನೆ. ಅಂಗಿ ಹಿಡಿದು ಎಳೆದೆ. ಊರಲ್ಲಿ ಹೊಸ ಮಾತು ಮುಗಿದಿದೆ ಅಂತ ಇವನೇ ಮಾತು ಹುಟ್ಟಿಸಿದನಂತೆ. ದಿನಾ ಸಂಜೆ ಹೋಗಿ ಅದರ ಕಿವಿಯಲ್ಲಿ ಗುಡುಮುಟಕ, ಚಪಲಂಗಿ, ತೊಣಚಿಬುಡ್ಡ ಅಂತ ಬಾಯಿಗೆ ಬಂದದ್ದು ಹೇಳಿ ಬರೋನಂತೆ. ಗುಡುಮುಟಕ ಅಂದರೇನೋ ಅಂದೆ. ಏನೂ ಅಲ್ಲ ಅಂದ. ಯಾರೂ ಯಾರಿಗೂ ಆಡದ ಮಾತು ಹೊಟ್ಟೆಯಲ್ಲಿ ನಿಲ್ಲುತ್ತಾ? ಒಳ್ಳೇದು ಮಾಡೋಕೆ ಹೋಗಿ ಒಂದು ಸಂಸಾರದ ಬುಡಕ್ಕೇ ತಂದಿಟ್ಟ. ಅವನಿಗೆ ಮನೆಗೆ ಹೋದ ಮೇಲೆ ನಾನು ಮಾಡಿದ ಮಂಗಳಾರತಿ ಬೇರೆ ಕಥೆ.

ಫಾಲಾಕ್ಷಪ್ಪ ಬೀಗ ಕೈಗೆ ತಗೊಂಡು ಎದ್ದ. "ಏನಮ್ಮಾ ಗಂಗಮ್ಮ, ಮಾತಾಡೋದು ಕಲಿಯೋಕೆ ಯಾರಾದರೂ ಸಾಲ ಮಾಡ್ತಾರಾ? ನಾವೆಲ್ಲ ಪುಕ್ಕಟೆ ಕಲಿಯಲಿಲ್ವಾ?" ಅಂದ. ಜನ ಸಣ್ಣಗೆ ನಕ್ಕರು.

ಮಂದಾ ತಲೆ ತಗ್ಗಿಸಿದಳು. ಅವಳು ಹಾಗೆ ನಿಂತದ್ದು ನಾನು ಅವತ್ತೇ ನೋಡಿದ್ದು. "ನಂದೇ ತಪ್ಪು ಅತ್ತೆ. ನಾನೂ ಒಂದು ಕೋಳಿ ತರಬೇಕಿತ್ತು," ಅಂದಳು.

ಆ ಮಾತು ಗಂಗಮ್ಮನಿಗೆ ಎಲ್ಲಿ ತಾಕಿತೋ. ಮೈಮೇಲಿನ ಹಿಟ್ಟು ಕೂಡ ಒರೆಸಿಕೊಳ್ಳದೆ ಬಂದಿದ್ದ ಹೆಂಗಸು ಹುಡುಗಿಯ ಗಲ್ಲ ಹಿಡಿದೆತ್ತಿ ಏನೋ ಅಂದಳು. ನಮಗೆ ತಿಳಿಯಲಿಲ್ಲ. ಮತ್ತೊಂದು ಅಂದಳು. ಆಮೇಲೆ ಫಾಲಾಕ್ಷಪ್ಪನ ಕಡೆ ತಿರುಗಿದಳು. ನಿಂತಲ್ಲೇ ನಿಂತು ಬೈಯೋಕೆ ಶುರು ಮಾಡಿದಳು, ಅವಳ ತವರಿನ ಮಾತಿನಲ್ಲಿ. ಮೊದಲು ತಡೆದು ತಡೆದು, ಆಮೇಲೆ ಕಟ್ಟೆ ಒಡೆದ ಹಾಗೆ. ಅವನನ್ನು ಬೈದಳು, ತಕ್ಕಡಿಯನ್ನು ಬೈದಳು, ನಕ್ಕವರನ್ನು ಬೆರಳಿಟ್ಟು ತೋರಿಸಿ ಬೈದಳು, ನನ್ನ ಗಂಡನಿಗೂ ಒಂದು ಪಾಲು ಸಿಕ್ಕಿತು. ಕೊನೆಗೆ ಅಲ್ಲಿ ಇಲ್ಲದವರನ್ನೂ ಬೈದಳು ಅಂತ ಕಾಣುತ್ತೆ, ಮುಖ ಎತ್ತಿ ಎಲ್ಲೋ ನೋಡ್ತಾ. ಬೈಗುಳದ ನಡುವೆ ಅಳು ಬಂತು, ಅಳುವಿನ ನಡುವೆ ಹಾಡಿನ ತುಂಡು ಬಂತು, ಯಾವುದೋ ಲೆಕ್ಕ, ಯಾವುದೋ ಹೆಸರುಗಳು. ಇಷ್ಟೆಲ್ಲ ಆ ಹೆಂಗಸಿನೊಳಗೆ ಇತ್ತಲ್ಲ ಅಂತ ನನಗೆ ಮೈ ಜುಂ ಅಂದಿತು.

ಮೇಲಿನ ತಟ್ಟೆಯಲ್ಲಿದ್ದ ಪ್ರಾಣಿ ಎರಡೂ ಕಿವಿ ಅಗಲ ಮಾಡಿ ಮೆಲ್ತಾ ಇತ್ತು. ತಟ್ಟೆ ಇಳಿಯಿತು. ಸಮಕ್ಕೆ ಬಂತು, ದಾಟಿತು, ನೆಲ ಮುಟ್ಟಿತು. ತೇಗಲಿಲ್ಲ. ಫಾಲಾಕ್ಷಪ್ಪ ತೇಗು ಬರುತ್ತೇನೋ ಅಂತ ಬಹಳ ಹೊತ್ತು ಕಾದ. ಬರಲಿಲ್ಲ. ಬೀಗವನ್ನು ತೆಗೆದು ಮೇಜಿನ ಖಾನೆಯೊಳಗೆ ಇಟ್ಟ. ಸಾಲ ತೀರಿತು ಅಂತ ಬಾಯಿಬಿಟ್ಟು ಹೇಳೋದು ಅವನ ಕೆಲಸ, ಹೇಳಿದ.

ನಾವೆಲ್ಲ ಕುಣಿದಾಡಿದೆವು. ಗಂಗಮ್ಮ ಮಾತ್ರ ಬಾಯಿ ಅರ್ಧ ತೆರೆದು ಹಾಗೇ ನಿಂತಿದ್ದಳು, ಅಡಿಗೆಮನೆಗೆ ಬಂದು ಯಾಕೆ ಬಂದೆ ಅಂತ ಮರೆತವರ ಹಾಗೆ. ಮಂದಾ ಅವಳನ್ನು ಕರೆದುಕೊಂಡು ಮನೆಗೆ ಬಂದಳು, ನಾನೂ ಹಿಂದೆ ಹೋದೆ. ಜಗಲಿ ಮೇಲೆ ಕೂರಿಸಿ ನೀರು ಕೊಟ್ಟೆವು. ಮಂದಾ ಅಳ್ತಾ ಇದ್ದಳು. ಗಿರಣಿ ಉಳಿಯಿತಲ್ಲ, ಯಾಕೆ ಅಳ್ತೀಯೇ ಅಂದೆ. ಊರೆಲ್ಲ ಸುತ್ತಿ ಕಂಡಕಂಡವರನ್ನು ಕೇಳಿದೆ, ಮನೇಲಿ ಅತ್ತೆಯನ್ನು ಒಂದು ದಿನವೂ ಕೇಳಲಿಲ್ಲ ಅಂದಳು. ಅದು ನಿಜ.

ಗಂಗಮ್ಮನಿಗೆ ಅದು ಯಾವುದೂ ಕಿವಿಗೆ ಬಿದ್ದ ಹಾಗೆ ಇರಲಿಲ್ಲ. "ಒಂದು ಬರಲಿಲ್ಲ," ಅಂದಳು. "ಎಲ್ಲ ಬಂತು, ಒಂದು ಬರಲಿಲ್ಲ. ನಮ್ಮ ಕಡೆ ಮನೆಯಿಂದ ಹೊರಡೋರಿಗೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳ್ತಾರೆ. ಹೊರಟವರು ತಿರುಗಿ ನಿಂತು ಇನ್ನೊಂದು ಹೇಳಬೇಕು. ಮದುವೆಯಾಗಿ ಬರುವಾಗ ಅವ್ವ ಹೇಳಿದಳು, ನಾನೂ ಹೇಳಿ ಬಂದೆ. ಎರಡೂ ಮರೆತು ಹೋಗಿವೆ ಮಂದಾ."

ಮಂದಾ ಮೂಗು ಒರೆಸಿಕೊಂಡಳು. "ಹಾಗಾದರೆ ಕೇಳಿಕೊಂಡು ಬರೋಣ ನಡೀರಿ," ಅಂದಳು.

ನಿನ್ನ ತವರಲ್ಲಿ ಈಗ ಯಾರಿದಾರೆ ಅಂತ ನಾನು ಕೇಳಿದರೆ, ಅಕ್ಕ ಒಬ್ಬಳು ಇದ್ದಳು, ಇರಬೇಕು, ಗೊತ್ತಿಲ್ಲ ಅಂತ ಗಂಗಮ್ಮ. ಮಾರನೇ ಬೆಳಿಗ್ಗೆ ಎದ್ದು ನೋಡಿದರೆ, ಅಷ್ಟೆಲ್ಲ ರಂಪ ಮಾಡಿ ಉಳಿಸಿಕೊಂಡ ಗಿರಣಿಗೆ ತಾವೇ ಕೈಯಾರೆ ಬೀಗ ಜಡಿದು, ಅತ್ತೆ, ಸೊಸೆ, ಪದವಿ ಮೂವರೂ ಬಸ್ ಹತ್ತಿದ್ದರು. ಬೀದಿಯೆಲ್ಲ ಹಿಟ್ಟಿಲ್ಲದೆ ಒದ್ದಾಡಿತು. ಆಚೆ ಬೀದಿಯ ಗಿರಣಿಯವನು ಬೀಸಿದ ರಾಗಿ ಮರಳಿನ ಹಾಗೆ ಹಲ್ಲಿಗೆ ಸಿಗ್ತಾ ಇತ್ತು. ನಾನು ದಿನಾ ಒಂದಿಷ್ಟು ಬೈಕೊಂಡೆ, ದಿನಾ ಒಂದಿಷ್ಟು ಹೆದರಿದೆ. ಅಲ್ಲಿ ಆ ಮಾತು ಬಲ್ಲವರು ಯಾರೂ ಉಳಿದಿಲ್ಲದಿದ್ದರೆ ಆ ಹೆಂಗಸು ಯಾವ ಮುಖ ಹೊತ್ತು ಹಿಂದಿರುಗ್ತಾಳೆ ಅಂತ.

ಹಿಂದಿರುಗಿದಳು. ಬಸ್ಸಿಳಿದವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ. ಅಕ್ಕ ಇದ್ದಾಳೆ, ಕಣ್ಣು ಕಾಣೋದಿಲ್ಲ, ದನಿ ಕೇಳಿ ಗುರುತು ಹಿಡಿದಳು ಅಂದಳು, ಅಷ್ಟೇ. ಗಿರಣಿ ಮತ್ತೆ ತಿರುಗಿತು. ಪ್ರಾಣಿ ಎಮ್ಮೆಯಷ್ಟು ಆಗಿತ್ತು. ಅದು ಏನು ಕೊಡುತ್ತೆ ಅಂತ ಜವರಯ್ಯ ಮತ್ತೆ ಕೇಳಲಿಲ್ಲ, ಅವನಿಗೂ ನಾಚಿಕೆ ಇದೆ.

ಸ್ವಲ್ಪ ದಿನಕ್ಕೆ ಮಂದಾಗೆ ಕೆಲಸ ಸಿಕ್ಕಿತು. ಊರೂರು ತಿರುಗಿ, ಆಡೋರು ಕಡಿಮೆಯಾದ ಮಾತುಗಳನ್ನು ಕೇಳಿಕೊಂಡು ಬರೋ ಕೆಲಸ. ಸಂಬಳ ಕೇಳಿದರೆ ನಗಬೇಡಿ, ಡಾಕ್ಟರ ಎಮ್ಮೆ ಒಂದು ವಾರದಲ್ಲಿ ಕೊಡೋ ಹಾಲಿನ ದುಡ್ಡು ಇವಳಿಗೆ ತಿಂಗಳಿಗೆ. ಹೋಗ್ತೀನಿ ಅಂದಳು. ಅವಳು ಹೊರಟ ದಿನ ನಾನು ರಾಗಿ ಚೀಲ ತಗೊಂಡು ಗಿರಣಿಗೆ ಹೋಗಿದ್ದೆ. ಗಂಗಮ್ಮ ಬೆಲ್ಟು ನಿಲ್ಲಿಸಿ ಬಾಗಿಲಿಗೆ ಬಂದಳು. ಹುಡುಗಿ ಮೆಟ್ಟಿಲಿಳಿದು ಹಗ್ಗ ಬಿಚ್ಚುತ್ತಾ ಇದ್ದಳು.

ಗಂಗಮ್ಮ ಬಾಗಿಲ ಚೌಕಟ್ಟು ಹಿಡಿದು ಒಂದು ಮಾತು ಅಂದಳು. ಚಿಕ್ಕದು, ಕೆಮ್ಮಿದಷ್ಟು. ಮಂದಾ ನಿಂತಳು. ಬ್ಯಾಗು ಕೆಳಗಿಟ್ಟು, ಪೂರಾ ತಿರುಗಿ, ಅತ್ತೆಯ ಮುಖ ನೋಡಿ, ಇನ್ನೊಂದು ಮಾತು ಅಂದಳು.

ಎಷ್ಟೋ ವರ್ಷದ ಹಿಂದೆ ಹಿಟ್ಟಿನ ಡಬ್ಬದ ಜೊತೆ ಮಾತಾಡಿದವಳಿಗೆ ಈಗ ಉತ್ತರ ಬಂದಿತ್ತು. ಗಂಗಮ್ಮ ಹೊಸ್ತಿಲ ಮೇಲೆ ಕೂತು ಅತ್ತಳು, ನಾನೂ ಪಕ್ಕದಲ್ಲಿ ಕೂತು ಅತ್ತೆ. ಬಸ್ಸು ಹೋಗಿ ಎಷ್ಟೋ ಹೊತ್ತಾದ ಮೇಲೆ ನಾನು ಚೀಲವನ್ನು ಹಾಗೇ ಎತ್ತಿಕೊಂಡು ಮನೆಗೆ ಬಂದೆ. ರಾಗಿ ಬೀಸಿಸೋದು ಮರೆತೇ ಹೋಗಿತ್ತು. ಅವತ್ತು ನಮ್ಮನೇಲಿ ಮುದ್ದೆ ಆಗಲಿಲ್ಲ, ಅನ್ನ ಉಂಡೆವು.